ಅಕ್ಕನಿಗೊಂದು ಪತ್ರ: ಬಾಗಿಲ ಹಿಂದಿನ ಕೋವಿ

ಎರಡು ಸಂಚಿಕೆಯ ಹಿಂದೆ ನಮ್ಮ ತೋಟಕ್ಕೆ ಮಂಗ ಬಿದ್ದ ಕತೆ ಬರೆದಿದ್ದೆ. ಎಳೆ ಅಡಿಕೆ ಕಿತ್ತು, ಚೀಪಿ, ಮರದ ಬುಡಕ್ಕೆ ಚೆಲ್ಲಿ ಹೋದ ಕತೆ. ಅದರಲ್ಲಿ ಒಂದೇ ಒಂದು ಸಾಲು ಕೋವಿಯ ಬಗ್ಗೆ ಇತ್ತು. ಚುನಾವಣೆಗೆ ಅಂತ ಕೋವಿ ಜಮಾ ಮಾಡಿ ಬಂದ ಮೂರನೇ ದಿನವೇ ಮಂಗ ಬಂದವು ಅಂತ. ಆಮೇಲೆ ಬಂದ ಪತ್ರಗಳಲ್ಲಿ ಮಂಗನ ಮಾತು ಕಡಿಮೆ, ಕೋವಿಯ ಮಾತೇ ಜಾಸ್ತಿ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಹೊಸ ಓದುಗರಿಗೆ ಸ್ವಲ್ಪ ಹೇಳಬೇಕು. ನಾನು ಶಿರಸಿ ತಾಲೂಕಿನ ಅಡಿಕೆ ತೋಟದವಳು. ವಯಸ್ಸು 61. ಮಾವನವರ ಕಾಲದಲ್ಲಿ ಮನೆಯಲ್ಲಿ ಕೇಪಿನ ಕೋವಿ ಇತ್ತು. ಮಸಿ, ಅಂದರೆ ಮದ್ದಿನಪುಡಿ ತುಂಬಿ, ಗಜದ ಕಡ್ಡಿ ಹಾಕಿ ಜಡಿದು ಹೊಡೆಯುವಂಥದ್ದು. ಈಗ ಇರುವುದು ಹನ್ನೆರಡು ಬೋರಿನ ಒಂಟಿನಳಿಗೆ. ಯಜಮಾನರು ತೀರಿಕೊಂಡ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಆಯಿತು. ತೋಟ ನೋಡಿಕೊಳ್ಳುವವಳು ನಾನು, ಹಾಗಾಗಿ ಕೋವಿಯೂ ನನ್ನದೇ ಜವಾಬ್ದಾರಿ.

*

ಅಕ್ಕಾ, ನಮ್ಮದು ವಾನಳ್ಳಿ ಕಡೆ ಎರಡು ಎಕರೆ ತೋಟ, ಸ್ವಲ್ಪ ಗದ್ದೆ. ಪ್ರತಿ ಚುನಾವಣೆಗೂ ಠಾಣೆಯಿಂದ ಫೋನ್ ಬರುತ್ತದೆ. ಕೋವಿ ತಂದು ಜಮಾ ಮಾಡಿ ಅಂತ. 2023, 2024, ಎರಡು ವರ್ಷ ಸಾಲಾಗಿ ಬೇಸಿಗೆಯಲ್ಲಿ ಕೋವಿ ಇರಲಿಲ್ಲ. ನಮ್ಮ ಮೇಲೆ ಒಂದು ಕೇಸೂ ಇಲ್ಲ. ಈಗ ಊರಿನ ಕೆಲವರು ‘ಮುಂದಿನ ಸಲ ಯಾರೂ ಕೊಡುವುದು ಬೇಡ. ಕೇಳಿದರೆ ಹಾಳಾಗಿದೆ, ರಿಪೇರಿಗೆ ಹೋಗಿದೆ ಅನ್ನೋಣ’ ಅನ್ನುತ್ತಿದ್ದಾರೆ. ಇದು ಸರಿಯಾ? — ಶಿರಸಿ ತಾಲೂಕಿನ ರೈತ

ಸರಿಯಲ್ಲ ತಮ್ಮಾ. ಸಿಟ್ಟು ನನಗೂ ಇದೆ. ಆದರೆ ಕೋವಿ ಬಚ್ಚಿಡುವುದು, ಸುಳ್ಳು ಹೇಳುವುದು ಬೇಡವೇ ಬೇಡ. ಲೈಸೆನ್ಸ್ ಇರುವ ಕೋವಿ ಅಂದರೆ ಲೆಕ್ಕದಲ್ಲಿರುವ ಕೋವಿ. ನಮ್ಮ ಬಲ ಇರುವುದೇ ಅಲ್ಲಿ. ಅದನ್ನು ನಾವೇ ಲೆಕ್ಕ ತಪ್ಪಿಸಿದರೆ ಮರುದಿನದಿಂದ ನಮ್ಮ ಮಾತು ಯಾರೂ ಕೇಳುವುದಿಲ್ಲ. ಕಾನೂನಿನ ತೊಡಕು ಬೇರೆ.

ಮೊದಲು ನನ್ನ ಸಿಟ್ಟು ಹೇಳಿಬಿಡುತ್ತೇನೆ. 2024ರಲ್ಲಿ ಚುನಾವಣೆ ಘೋಷಣೆ ಆದದ್ದು ಮಾರ್ಚ್ 16ಕ್ಕೆ. ನಮ್ಮ ಜಿಲ್ಲೆಯಲ್ಲಿ ಮತದಾನ ಮೇ 7ಕ್ಕೆ. ಫಲಿತಾಂಶ ಜೂನ್ 4ಕ್ಕೆ. ಲೆಕ್ಕ ಹಾಕಿ, ಎಂಬತ್ತು ದಿನ. ಮಂಗ ಎಳೆ ಅಡಿಕೆಗೆ ಬೀಳುವುದು, ಹಲಸಿನಹಣ್ಣಿನ ವಾಸನೆಗೆ ಕಾಡುಪ್ರಾಣಿ ಮನೆ ಹಿತ್ತಲವರೆಗೆ ಬರುವುದು, ಬೆಟ್ಟದಲ್ಲಿ ನೀರು ಬತ್ತಿ ಹಂದಿ ತೋಟದ ಹಸಿಗೆ ಇಳಿಯುವುದು, ಎಲ್ಲವೂ ಅದೇ ಎಂಬತ್ತು ದಿನದಲ್ಲಿ. ಬಾಳೆ ಬುಡ ಅಗೆದು ಹಾಕಿದ ಮೇಲೆ ಕೋವಿ ವಾಪಸ್ ಬಂದರೆ ಏನು ಬಂತು?

ಆ ಸಲ ನಾನು ಕೋವಿಯನ್ನು ಹಳೇ ಕಂಬಳಿಯಲ್ಲಿ ಸುತ್ತಿಕೊಂಡು ಬೆಳಗಿನ ಬಸ್ಸಿಗೆ ಹೋದೆ. ಸಾಲಿನಲ್ಲಿ ನಿಂತವರೆಲ್ಲ ನಮ್ಮಂಥವರೇ. ಒಬ್ಬರಿಗೆ ಎಂಬತ್ತರ ಹತ್ತಿರ ವಯಸ್ಸು, ಮೊಮ್ಮಗನ ಹೆಗಲು ಹಿಡಿದು ನಿಂತಿದ್ದರು. ಜೂನ್‌ನಲ್ಲಿ ವಾಪಸ್ ತರುವಾಗ ಮಳೆ ಶುರುವಾಗಿತ್ತು. ಮನೆಗೆ ತಂದು ಬಿಚ್ಚಿ ನೋಡಿದರೆ ನಳಿಗೆಯ ಒಳಗೆ ತುಕ್ಕು, ಮರದ ಹಿಡಿಯಲ್ಲಿ ಒಂದು ಸೀಳು. ಯಾವ ಠಾಣೆ ಅಂತ ಬರೆಯುವುದಿಲ್ಲ. ಅಲ್ಲಿದ್ದವರಿಗೂ ಜಾಗ ಇರಲಿಲ್ಲ. ಸೌದೆ ಒರಗಿಸಿದ ಹಾಗೆ ಒಂದರ ಮೇಲೊಂದು ಒರಗಿಸಿದ್ದರು. ಯಜಮಾನರು ಮಳೆಗಾಲ ಪೂರ್ತಿ ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದ ಕೋವಿ ಅದು. ಆ ದಿನ ನನಗೆ ಅಳು ಬಂತು.

ಈಗ ನಿಯಮ ಕೇಳಿ. ಎಲ್ಲರ ಕೋವಿಯನ್ನೂ ಸಾರಾಸಗಟಾಗಿ ತರಿಸಿಕೊಳ್ಳಿ ಅಂತ ಚುನಾವಣಾ ಆಯೋಗ ಹೇಳುವುದಿಲ್ಲ. ಜಿಲ್ಲಾಧಿಕಾರಿ ಮತ್ತು ಎಸ್‌ಪಿ ಇರುವ ಒಂದು ಸ್ಕ್ರೀನಿಂಗ್ ಕಮಿಟಿ ಇರಬೇಕು. ಅದು ಒಂದೊಂದೇ ಲೈಸೆನ್ಸ್ ನೋಡಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ಗಲಾಟೆಯಲ್ಲಿ, ಅದರಲ್ಲೂ ಚುನಾವಣೆ ಗಲಾಟೆಯಲ್ಲಿ ಸಿಕ್ಕವರು, ಇಂಥವರ ಕೋವಿ ಮೇಲೆ ಕಣ್ಣಿಡಬೇಕು ಅನ್ನುವುದು ಅದರ ಉದ್ದೇಶ. ಬ್ಯಾಂಕಿನ ಕಾವಲುಗಾರರಿಗೆ, ಶೂಟಿಂಗ್ ಕ್ರೀಡಾಪಟುಗಳಿಗೆ ವಿನಾಯಿತಿ ಇದೆ. ಹಾಗೆ ನೋಡದೆ ಎಲ್ಲರಿಂದಲೂ ತರಿಸಿಕೊಳ್ಳುವುದು ತಪ್ಪು ಅಂತ ಹೈಕೋರ್ಟ್‌ಗಳು ಒಂದಕ್ಕಿಂತ ಜಾಸ್ತಿ ಸಲ ಹೇಳಿವೆ. ಆದರೂ ಫೋನ್ ಮಾತ್ರ ಎಲ್ಲರಿಗೂ ಬರುತ್ತದೆ. ಯಾಕೆಂದರೆ ಚುನಾವಣೆ ಘೋಷಣೆ ಆದ ಮೇಲೆ ಯಾರಿಗೂ ಪುರುಸೊತ್ತಿಲ್ಲ. ಒಬ್ಬೊಬ್ಬರ ಫೈಲು ತೆಗೆದು ನೋಡುವುದಕ್ಕಿಂತ ಎಲ್ಲರಿಂದಲೂ ತರಿಸಿಕೊಳ್ಳುವುದು ಸುಲಭ.

ಅದಕ್ಕೇ ನಾವು ಘೋಷಣೆಗೆ ಮೊದಲೇ ಹೋಗಬೇಕು. ಕಳೆದ ವರ್ಷ ನಮ್ಮ ಊರಿನ ಹನ್ನೊಂದು ಮನೆಯವರು ಹಾಗೆ ಮಾಡಿದೆವು. ಒಂದೇ ಕಾಗದಕ್ಕೆ ಹನ್ನೊಂದು ಸಹಿ ಹಾಕಲಿಲ್ಲ. ಜಮಾ ಮಾಡುವುದರಿಂದ ವಿನಾಯಿತಿ ಕೊಡಿ ಅಂತ ಹನ್ನೊಂದು ಅರ್ಜಿ ಬರೆದೆವು. ಒಬ್ಬೊಬ್ಬರ ಅರ್ಜಿಯಲ್ಲೂ ಅವರವರ ಸರ್ವೆ ನಂಬರ್, ಪಹಣಿ, ಬೆಳೆ, ಕಾಡಿಗೆ ಎಷ್ಟು ದೂರ, ಲೈಸೆನ್ಸ್ ನಂಬರ್, ಯುಐಎನ್ ಅನ್ನುವ ಲೈಸೆನ್ಸ್‌ದಾರರ ಗುರುತಿನ ನಂಬರ್, ಯಾವ ತಾರೀಕಿಗೆ ಏನು ಹಾಳಾಯಿತು ಅನ್ನುವುದು, ಫೋಟೊ. ನನ್ನ ಮೇಲೆ ಯಾವ ಪ್ರಕರಣವೂ ಇಲ್ಲ ಅನ್ನುವ ಒಂದು ಸಾಲು. ಕಮಿಟಿ ಒಬ್ಬೊಬ್ಬರನ್ನೇ ನೋಡಬೇಕು ಅಂತಿದ್ದರೆ ನಾವೂ ಒಬ್ಬೊಬ್ಬರಾಗಿಯೇ ನಮ್ಮನ್ನು ತೋರಿಸಬೇಕು, ಅಲ್ವಾ? ಅರ್ಜಿಯ ಜೊತೆಗೆ ಗ್ರಾಮಸಭೆಯ ಠರಾವಿನ ಪ್ರತಿ ಇಟ್ಟೆವು. ಇಬ್ಬರು ಕಾರವಾರಕ್ಕೆ ಹೋಗಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೊಟ್ಟು, ಎರಡನೇ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬಂದರು. ಆ ಸೀಲು ಬಿದ್ದ ಪ್ರತಿ ಬಹಳ ಮುಖ್ಯ. ಮುಂದೆ ಕೋರ್ಟಿಗೆ ಹೋಗುವುದಾದರೆ ವಕೀಲರು ಮೊದಲು ಕೇಳುವುದು ಅದನ್ನೇ.

ಇಷ್ಟೆಲ್ಲ ಮಾಡಿಯೂ ಜಮಾ ಮಾಡಿ ಅಂತ ಆದೇಶ ಬಂದರೆ ಮಾಡಿ. ಆದರೆ ರಸೀದಿಯಲ್ಲಿ ಕೋವಿಯ ನಂಬರ್ ಮಾತ್ರ ಅಲ್ಲ, ಅದು ಯಾವ ಸ್ಥಿತಿಯಲ್ಲಿದೆ ಅನ್ನುವುದನ್ನೂ ಬರೆಸಿ. ಅಲ್ಲೇ ನಿಂತು ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆಯಿರಿ. ನಾನು ತೆಗೆಯಲಿಲ್ಲ. ಹಾಗಾಗಿ ತುಕ್ಕಿನ ಬಗ್ಗೆ ಕೇಳಲು ನನ್ನ ಹತ್ತಿರ ಆಧಾರವೇ ಇರಲಿಲ್ಲ. ಕೋವಿ ಮಾರಲು ಲೈಸೆನ್ಸ್ ಇರುವ ಅಂಗಡಿಯಲ್ಲೂ ಜಮಾ ಇಡಬಹುದು. ಬಾಡಿಗೆ ಕೊಡಬೇಕಾಗುತ್ತದೆ, ಆದರೆ ಎಣ್ಣೆ ಹಚ್ಚಿ ಇಡುತ್ತಾರೆ. ಫಲಿತಾಂಶ ಬಂದು ಒಂದು ವಾರವಾದ ಮೇಲೆ ವಾಪಸ್ ಕೊಡಬೇಕು ಅಂತಿದೆ. ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ನೀವೇ ಹೋಗಿ ಕೇಳಿ.

*

ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದರೆ ಮಂಗನನ್ನು ಹೊಡೆಯಬಹುದಾ? — ಯಲ್ಲಾಪುರ

ಇಲ್ಲ. ಲೈಸೆನ್ಸ್ ಇರುವುದು ಕೋವಿ ಇಟ್ಟುಕೊಳ್ಳಲು. ಪ್ರಾಣಿ ಕೊಲ್ಲಲು ಬೇರೆ ಕಾನೂನಿದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಹಂದಿಯನ್ನೂ ಹೊಡೆಯುವ ಹಾಗಿಲ್ಲ. ಪ್ರಾಣಿ ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಹೊಡೆದರೆ ಅದು ಬೇರೆ ಮಾತು, ಅದಕ್ಕೆ ಕಾಯ್ದೆಯಲ್ಲೇ ಜಾಗವಿದೆ. ನಮ್ಮ ಮನೆಯಲ್ಲಿ ಮಾಡುವುದು ಗಾಳಿಯಲ್ಲಿ ಈಡು ಹೊಡೆದು ಸದ್ದು ಮಾಡುವುದು, ಅಷ್ಟೇ. ಮಂಗನ ಕಾಯಿಲೆಯ ಊರು ನಮ್ಮದು. 1957ರಲ್ಲಿ ಅದು ಮೊದಲು ಗೊತ್ತಾದ ಕ್ಯಾಸನೂರು ಕಾಡು ಸಿದ್ದಾಪುರದ ಪಕ್ಕದ ಸೊರಬದಲ್ಲೇ ಇದೆ. ಸತ್ತ ಮಂಗನ ಹತ್ತಿರವೂ ಹೋಗಬೇಡಿ. ಉಣುಗು ಅಲ್ಲೇ ಇರುತ್ತದೆ. ಆರೋಗ್ಯ ಕೇಂದ್ರಕ್ಕೆ ತಿಳಿಸಿ.

*

ಅಕ್ಕಾ, ನನ್ನ ಮಗಳು ಅಮೆರಿಕದ ವರ್ಜೀನಿಯಾದಲ್ಲಿದ್ದಾಳೆ. ಇಬ್ಬರು ಮಕ್ಕಳು. ಅಲ್ಲಿ ಬಂದೂಕಿನ ಮೇಲೆ ಹೊಸ ಕಾನೂನು ಬರುತ್ತದೆ ಅಂದರೆ ಸಾಕು, ಸಾವಿರಾರು ಜನ ಬೀದಿಗೆ ಬಂದು ಬೇಡ ಅನ್ನುತ್ತಾರಂತೆ. ಶಾಲೆಯಲ್ಲಿ ಮಕ್ಕಳು ಸತ್ತರೂ ಬೇಡ ಅನ್ನುವವರು ಎಂಥ ಮನುಷ್ಯರು? ನಾನೂ ಕೋವಿ ಇರುವ ಮನೆಯಲ್ಲೇ ಹುಟ್ಟಿ ಬೆಳೆದವಳು. ಆದರೂ ಅರ್ಥ ಆಗುವುದಿಲ್ಲ. ರಾತ್ರಿ ನಿದ್ದೆ ಬರುವುದಿಲ್ಲ. — ಸಿದ್ದಾಪುರ

ನಿಮ್ಮ ಪತ್ರವನ್ನು ಮೂರು ಸಲ ಓದಿದೆ ತಂಗೀ. ದೂರದಲ್ಲಿರುವ ಮೊಮ್ಮಕ್ಕಳ ಚಿಂತೆ ಹೇಗಿರುತ್ತದೆ ಅಂತ ನನಗೂ ಗೊತ್ತು. ಸಮಾಧಾನದ ಮಾತು ಸುಮ್ನೆ ಹೇಳುವುದಿಲ್ಲ. ಅಲ್ಲಿ ಆದದ್ದು ಏನು ಅಂತ ಹೇಳುತ್ತೇನೆ.

2019ರ ಮೇ 31ಕ್ಕೆ ವರ್ಜೀನಿಯಾ ಬೀಚ್ ಅನ್ನುವ ಊರಿನ ನಗರಾಡಳಿತದ ಕಚೇರಿಯಲ್ಲಿ ಒಬ್ಬ ಗುಂಡು ಹಾರಿಸಿ 12 ಜನರನ್ನು ಕೊಂದ. ಅದೇ ವರ್ಷ ನವೆಂಬರ್‌ನಲ್ಲಿ ರಾಜ್ಯದ ಚುನಾವಣೆ ಆಯಿತು. ಬಂದೂಕಿಗೆ ಕಡಿವಾಣ ಹಾಕುತ್ತೇವೆ ಅಂದ ಡೆಮಾಕ್ರಟಿಕ್ ಪಕ್ಷ ಎರಡೂ ಸದನದಲ್ಲಿ ಗೆದ್ದಿತು. ಮಸೂದೆಗಳು ತಯಾರಾದವು. ಆಗ ಹಳ್ಳಿ ಕಡೆಯ ಜನ ಎದ್ದರು. ಮೊದಲು ಅವರು ಹೋದದ್ದು ರಾಜಧಾನಿಗೆ ಅಲ್ಲ. ತಮ್ಮ ತಮ್ಮ ಕೌಂಟಿಯ ಸಭೆಗೆ. ಕೌಂಟಿ ಅಂದರೆ ನಮ್ಮ ಜಿಲ್ಲೆ, ತಾಲೂಕು ಪಂಚಾಯಿತಿ ಇದ್ದ ಹಾಗೆ. ಸಂಜೆಯ ಸಭೆಗಳು ತುಂಬಿ ಹೊರಗೆ ಜನ ನಿಂತರು. ಈ ಕಾನೂನು ನಮಗೆ ಒಪ್ಪಿಗೆಯಿಲ್ಲ ಅಂತ ಠರಾವು ಮಾಡಿಸಿದರು. ರಾಜ್ಯದ 95 ಕೌಂಟಿಗಳಲ್ಲಿ ಬಹುಪಾಲು ಹಾಗೆ ಠರಾವು ಮಾಡಿದವು. 2020ರ ಜನವರಿ 20ಕ್ಕೆ ರಾಜಧಾನಿ ರಿಚ್ಮಂಡ್‌ನಲ್ಲಿ ಸುಮಾರು 22,000 ಜನ ಸೇರಿದರು. ಹೊರಗಿನ ಬೀದಿಗಳಲ್ಲಿ ಬಂದೂಕು ಹೆಗಲಿಗೆ ಹಾಕಿಕೊಂಡೇ ನಿಂತಿದ್ದರು. ಆ ಚಿತ್ರ ನೋಡಿದರೆ ನನಗೂ ಎದೆ ಝಲ್ ಅನ್ನುತ್ತದೆ. ಆದರೆ ಆ ದಿನ ಹಿಂಸೆ ಆಗಲಿಲ್ಲ. 

ಮುಂದೆ? ಯುದ್ಧದಲ್ಲಿ ಬಳಸುವಂಥ ಬಂದೂಕುಗಳನ್ನು ತಡೆಯುವ ಮಸೂದೆ ಫೆಬ್ರವರಿಯಲ್ಲಿ ಸೆನೆಟ್‌ನ ಸಮಿತಿಯಲ್ಲೇ ನಿಂತಿತು. ಮಸೂದೆ ತಂದ ಪಕ್ಷದವರೇ ಕೆಲವರು ಮುಂದೂಡೋಣ ಅಂದರು. ಉಳಿದವು ಏಪ್ರಿಲ್‌ನಲ್ಲಿ ಕಾನೂನಾದವು. ಬಂದೂಕು ಮಾರುವ ಮೊದಲು ಕೊಳ್ಳುವವನ ಹಿನ್ನೆಲೆ ನೋಡಬೇಕು. ತಿಂಗಳಿಗೆ ಒಂದಕ್ಕಿಂತ ಜಾಸ್ತಿ ಪಿಸ್ತೂಲು ಕೊಳ್ಳುವ ಹಾಗಿಲ್ಲ. ತನಗೋ ಬೇರೆಯವರಿಗೋ ಅಪಾಯ ಮಾಡುವ ಹಾಗಿರುವವನ ಬಂದೂಕನ್ನು ನ್ಯಾಯಾಲಯ ಕೆಲವು ಕಾಲ ತೆಗೆದಿಡಬಹುದು. ಈ ಮೂರೂ ಒಳ್ಳೆಯ ಕಾನೂನು ಅಂತ ನನ್ನ ಅಭಿಪ್ರಾಯ. ನನ್ನ ಕೋವಿಗೆ ಇದಕ್ಕಿಂತ ಬಿಗಿಯಾದ ನಿಯಮ ಇದೆ, ನಾನು ಪಾಲಿಸುತ್ತೇನೆ.

ಹಾಗಾದರೆ ಅವರು ಯಾಕೆ ಅಷ್ಟು ವಿರೋಧ ಮಾಡಿದರು? ಅಲ್ಲಿಯ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೇ ತಿದ್ದುಪಡಿ ಬಂದೂಕು ಇಟ್ಟುಕೊಳ್ಳುವುದನ್ನು ಹಕ್ಕು ಅನ್ನುತ್ತದೆ. ನಮ್ಮಲ್ಲಿ ಅದು ಹಕ್ಕಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ಸರ್ಕಾರ ಕೊಡುವ ಅನುಮತಿ. ಇಷ್ಟು ದೊಡ್ಡ ವ್ಯತ್ಯಾಸ ಇರುವಾಗ ಅವರ ಮಾತನ್ನು ನಮ್ಮ ಬಾಯಲ್ಲಿ ಆಡಲು ಆಗುವುದಿಲ್ಲ. ಆದರೆ ಆಯುಧ ಕೊಡು ಅಂದಾಗ ಕೊಡುವುದಿಲ್ಲ ಅಂದವರು ನಮ್ಮ ನಾಡಿನಲ್ಲೂ ಇದ್ದರು. ಹಲಗಲಿಯ ಬೇಡರ ಪಾಠ ನೀವೂ ಓದಿರುತ್ತೀರಿ. 1857ರಲ್ಲಿ ಇಂಗ್ಲಿಷರು ಜನರ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದರು. ಮುಧೋಳದ ಹತ್ತಿರದ ಆ ಊರಿನವರು ಕೊಡೆವು ಅಂದರು. ಸೈನ್ಯ ಬಂದು ಊರನ್ನೇ ಸುಟ್ಟಿತು. 1878ರ ಆಯುಧ ಕಾಯ್ದೆ ಎಷ್ಟು ನೋವು ಕೊಟ್ಟಿತ್ತು ಅಂದರೆ, 1930ರಲ್ಲಿ ಗಾಂಧೀಜಿ ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಬಂದೂಕಿನ ಲೈಸೆನ್ಸ್ ಕೊಡಬೇಕು ಅನ್ನುವುದೂ ಒಂದು. ಅದೇ ವರ್ಷ ನಮ್ಮ ಅಂಕೋಲೆಯಲ್ಲಿ ಉಪ್ಪು ಮಾಡಿದರು. ಶಿರಸಿ, ಸಿದ್ದಾಪುರದವರು ಕರ ಕೊಡುವುದಿಲ್ಲ ಅಂತ ಜಮೀನು ಕಳೆದುಕೊಂಡರು. 

ಆಗ ಆಳುವವರು ಹೊರಗಿನವರು, ನಮಗೆ ಮತ ಇರಲಿಲ್ಲ. ಈಗ ಮತ ಇದೆ, ಗ್ರಾಮಸಭೆ ಇದೆ, ಅರ್ಜಿ ಇದೆ. ಹಾಗಾಗಿ ವರ್ಜೀನಿಯಾದವರಿಂದ ನಾನು ಕಲಿಯುವುದು ಬೀದಿಯಲ್ಲಿ ಬಂದೂಕು ಹೊತ್ತು ನಿಂತದ್ದನ್ನು ಅಲ್ಲ. ಕಾನೂನು ಇನ್ನೂ ಮಸೂದೆ ಆಗಿರುವಾಗಲೇ ಊರೂರಿನ ಸಭೆಗೆ ಹೋಗಿ ಕೂತದ್ದನ್ನು. ನಮ್ಮಲ್ಲೂ 2019ರ ಕೊನೆಗೆ ಆಯುಧ ಕಾಯ್ದೆಯ ತಿದ್ದುಪಡಿ ಸಂಸತ್ತಿಗೆ ಬಂತು. ಅಲ್ಲಿಯವರೆಗೆ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. ಮಸೂದೆಯಲ್ಲಿ ಒಂದೇ ಅಂತ ಬರೆದಿದ್ದರು. ಆಕ್ಷೇಪ ಬಂತು. ಕೊನೆಗೆ ಎರಡು ಅಂತಾಯಿತು. ನಮ್ಮ ಸೀಮೆಯ ಎಷ್ಟು ಜನ ಆಗ ಒಂದು ಕಾಗದ ಬರೆದೆವು? ನಾನಂತೂ ಬರೆಯಲಿಲ್ಲ. ಕಾನೂನು ಬಂದ ಮೇಲೆ ಪೇಪರಿನಲ್ಲಿ ಓದಿದೆ. 1983ರಲ್ಲಿ ಸಾಲ್ಕಣಿಯ ಕಾಡಿನಲ್ಲಿ ಮರ ಅಪ್ಪಿಕೊಂಡು ನಿಂತ ಊರುಗಳು ನಮ್ಮವು. ಕೊಡಲಿ ಬೀಳುವ ಮೊದಲೇ ಹೋಗಿ ನಿಂತಿದ್ದಕ್ಕೆ ಮರ ಉಳಿದವು.

ಇನ್ನು ಮಗಳ ಮಾತು. ಅವಳಿಗೆ ಒಂದು ವಿಷಯ ಹೇಳಿ. ಮಕ್ಕಳನ್ನು ಆಡಲು ಬೇರೆ ಮನೆಗೆ ಕಳಿಸುವಾಗ, ನಿಮ್ಮಲ್ಲಿ ಬಂದೂಕು ಇದೆಯಾ, ಇದ್ದರೆ ಬೀಗದಲ್ಲಿದೆಯಾ ಅಂತ ಕೇಳಲಿ. ಸಂಕೋಚ ಬೇಡ. ಕಡಲೆಕಾಯಿ ತಿಂದರೆ ಮಗುವಿಗೆ ಆಗುವುದಿಲ್ಲ ಅಂತ ಹೇಳುವಷ್ಟೇ ಸಹಜವಾಗಿ ಕೇಳಲಿ. ಬಂದೂಕನ್ನು ಚೆನ್ನಾಗಿ ಇಟ್ಟುಕೊಂಡವರು ಬೇಸರ ಮಾಡಿಕೊಳ್ಳುವುದಿಲ್ಲ.

*

ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ. ನಮಗೂ ಹಾಗೆ ಕೇಳಬಾರದಾ? — ಅಂಕೋಲಾ

ಕೊಡವರಿಗೆ ಮತ್ತು ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ವಿನಾಯಿತಿ ಇರುವುದು ನಿಜ. ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿಗೆ ಪೂಜೆ ಇದೆ, ಮಗು ಹುಟ್ಟಿದರೆ ಈಡು ಹೊಡೆಯುತ್ತಾರೆ. ಅದು ಅವರ ಬದುಕು. ನಮಗೆ ಬೇಕಾದದ್ದು ಲೈಸೆನ್ಸ್ ಬೇಡ ಅನ್ನುವುದಲ್ಲ. ಲೈಸೆನ್ಸ್ ಇರಲಿ, ಅದಕ್ಕೆ ಬೆಲೆಯೂ ಇರಲಿ.

*

ನಿಮ್ಮನ್ನು ಅಕ್ಕ ಅಂತಲೇ ಕರೆಯುತ್ತೇನೆ, ಆದರೆ ಬೇಸರದಿಂದ ಬರೆಯುತ್ತಿದ್ದೇನೆ. ನಾವು ಮೀನು ಹಿಡಿಯುವವರು. ನಮ್ಮ ಮನೆಯಲ್ಲಿ ಕೋವಿ ಇಲ್ಲ. ಬಲೆ ಹರಿದರೆ ನಾವು ಯಾರ ಮೇಲೂ ಗುಂಡು ಹಾರಿಸುವುದಿಲ್ಲ. ನಮ್ಮ ಚಿಕ್ಕಮ್ಮನ ಗಂಡ ಘಟ್ಟದ ಮೇಲೆ ತೋಟದ ಕೆಲಸಕ್ಕೆ ಹೋದವರು ಹಂದಿ ಅಂತ ತಿಳಿದು ಹೊಡೆದ ಗುಂಡಿಗೆ ಸತ್ತರು. ಅಡಿಕೆಗಿಂತ ಮನುಷ್ಯನ ಜೀವ ಕಡಿಮೆಯಾ? ಸರ್ಕಾರ ಎಲ್ಲ ಕೋವಿ ತೆಗೆದುಕೊಂಡು ಹೋಗಲಿ. — ಹೊನ್ನಾವರ

ಇಲ್ಲ ತಮ್ಮಾ, ಕಡಿಮೆಯಲ್ಲ. ನಿಮ್ಮ ಚಿಕ್ಕಮ್ಮನಿಗೆ ಆದದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕೋವಿ ಇಟ್ಟುಕೊಂಡವರ ಪರವಾಗಿ ತಲೆ ತಗ್ಗಿಸುತ್ತೇನೆ.

ನಮ್ಮ ಮನೆಯಲ್ಲೂ ಅಂಥದ್ದೊಂದು ಆಗಿದೆ. ಇದುವರೆಗೆ ಎಲ್ಲೂ ಬರೆದಿರಲಿಲ್ಲ. ಇಪ್ಪತ್ತು ವರ್ಷದ ಹಿಂದಿನ ಮಾತು. ದೀಪಾವಳಿ ಮುಗಿದು ಗದ್ದೆ ಹಣ್ಣಾಗುತ್ತಿತ್ತು. ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದವನೊಬ್ಬ ಕೊಟ್ಟಿಗೆಗೆ ಬಾರದ ಎಮ್ಮೆ ಹುಡುಕಿಕೊಂಡು ಕತ್ತಲಾದ ಮೇಲೆ ಬೆಟ್ಟದ ಕಡೆ ಹೋದ. ಗದ್ದೆ ಕಾಯುವ ಮಾಳದಲ್ಲಿ ಕೂತಿದ್ದ ಪಕ್ಕದ ಊರಿನವನು ಸೊಪ್ಪು ಸದ್ದಾದ ಕಡೆ ಹೊಡೆದ. ಲೈಸೆನ್ಸ್ ಇಲ್ಲದ ನಾಡ ಬಂದೂಕು. ಚರೆ ಎಡಗೈಗೆ, ಪಕ್ಕೆಗೆ ಹೊಕ್ಕಿತು. ಯಜಮಾನರು, ನಾನು ಇಬ್ಬರೂ ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವನ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ‘ಎಮ್ಮೆ ಸಿಕ್ಕಿತಾ ಅಮ್ಮಾ’ ಅಂತ ಕೇಳುತ್ತಿದ್ದ. ಜೀವ ಉಳಿಯಿತು. ಎಡಗೈ ಇವತ್ತಿಗೂ ಮುಷ್ಟಿ ಕಟ್ಟುವುದಿಲ್ಲ. ಪ್ರತಿ ದೀಪಾವಳಿಗೆ ಮನೆಗೆ ಬರುತ್ತಾನೆ. ಹೋಳಿಗೆಯನ್ನು ಬಲಗೈಯಲ್ಲೇ ಮುರಿದು ಬಲಗೈಯಲ್ಲೇ ತಿನ್ನುತ್ತಾನೆ.

ಆಮೇಲೆ ನಮ್ಮ ಮನೆಯಲ್ಲಿ ಕತ್ತಲಾದ ಮೇಲೆ ಕೋವಿ ಮುಟ್ಟುವುದಿಲ್ಲ. ಏನು ಹಾಳಾದರೂ ಸರಿ. ಬಾಗಿಲ ಹಿಂದೆ ಮೊಳೆಗೆ ನೇತು ಹಾಕುವ ಪದ್ಧತಿಯೂ ಆ ವಾರವೇ ನಿಂತಿತು. ಕೋವಿ ಬೀಗದ ಕಪಾಟಿನಲ್ಲಿ, ಗುಂಡಿನ ತೋಟಾ ಬೇರೆ ಪೆಟ್ಟಿಗೆಯಲ್ಲಿ, ಬೀಗದ ಕೈ ನನ್ನ ಸೊಂಟದಲ್ಲಿ. 2016ರ ಆಯುಧ ನಿಯಮಗಳು ಬಂದು, ಕೋವಿಯನ್ನು ಭದ್ರವಾಗಿ ಇಡುತ್ತೇನೆ ಅಂತ ಬರೆದುಕೊಡಬೇಕು, ತರಬೇತಿ ಬೇಕು, ವೈದ್ಯರ ಸರ್ಟಿಫಿಕೇಟ್ ಬೇಕು ಅಂದಾಗ ಊರಿನವರು ಗೊಣಗಿದರು. ನಾನು ಗೊಣಗಲಿಲ್ಲ. ಅವು ಇರಬೇಕು. ಇನ್ನೂ ಬಿಗಿಯಾಗಲಿ. ಕತ್ತಲಲ್ಲಿ ಸದ್ದಿಗೆ ಹೊಡೆದವನ ಲೈಸೆನ್ಸ್ ಯಾವತ್ತಿಗೂ ವಾಪಸ್ ಬರಬಾರದು.

ಆದರೆ ಎಲ್ಲ ಕೋವಿ ತೆಗೆದುಕೊಂಡು ಹೋಗಲಿ ಅನ್ನುವಲ್ಲಿ ನಿಮ್ಮ ಜೊತೆ ಬರಲಾರೆ. ಯಾಕೆ ಅಂತ ಹೇಳುತ್ತೇನೆ. ಕೋವಿ ಹೋದರೆ ಹಂದಿ ಬರುವುದು ನಿಲ್ಲುವುದಿಲ್ಲ. ಎರಡು ಎಕರೆಯವನು ಸುಮ್ಮನೆ ಕೂರುವುದೂ ಇಲ್ಲ. ಬೇಲಿಗೆ ನೇರವಾಗಿ ಕರೆಂಟು ಕೊಡುತ್ತಾನೆ. ಹಿಟ್ಟಿನೊಳಗೆ ಸಿಡಿಮದ್ದು ಇಡುತ್ತಾನೆ. ಉರುಳು ಹಾಕುತ್ತಾನೆ. ಅವು ಯಾವುದಕ್ಕೂ ಲೈಸೆನ್ಸ್ ಇಲ್ಲ, ನಂಬರ್ ಇಲ್ಲ, ಹೆಸರಿಲ್ಲ. ರಾತ್ರಿ ಯಾರು ಆ ದಾರಿಯಲ್ಲಿ ನಡೆಯುತ್ತಾರೆ ಅಂತ ತಂತಿ ನೋಡುವುದಿಲ್ಲ. ನಮ್ಮ ಪಕ್ಕದ ಊರಿನಲ್ಲಿ ಮದ್ದಿನ ಉಂಡೆಗೆ ಬಾಯಿ ಹಾಕಿದ ಗಬ್ಬದ ಆಕಳು ದವಡೆ ಹರಿದುಕೊಂಡು ಎರಡು ದಿನ ನರಳಿ ಸತ್ತಿತು. ನಮ್ಮ ಕೆಲಸದವನಿಗೆ ಬಿದ್ದ ಗುಂಡೂ ಲೆಕ್ಕದಲ್ಲಿ ಇಲ್ಲದ ಬಂದೂಕಿನದು. ಲೈಸೆನ್ಸ್ ಸಿಗುವುದು ಕಷ್ಟವಾದಷ್ಟೂ ಅಂಥ ಬಂದೂಕು ಜಾಸ್ತಿಯಾಗುತ್ತದೆ ಅನ್ನುವುದು ನಾನು ಊರಿನಲ್ಲಿ ಕಣ್ಣಾರೆ ಕಂಡದ್ದು.

ನಿಮ್ಮ ಚಿಕ್ಕಮ್ಮನಿಗೆ ಪರಿಹಾರದ ಹಣ ಬಂದಿದೆಯಾ, ಕೇಸು ಎಲ್ಲಿಗೆ ಬಂತು ಅಂತ ನೀವು ಬರೆದಿಲ್ಲ. ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಕಾಗದಪತ್ರ ನೋಡಿಕೊಡುವ ವಕೀಲರು ನನಗೆ ಗೊತ್ತಿದ್ದಾರೆ. ಇದು ಅಕ್ಕನಾಗಿ ಹೇಳುವ ಮಾತು.

*

ಜೋಯಿಡಾದಲ್ಲಿ ನಮ್ಮದು ಸಣ್ಣ ಹಿಡುವಳಿ. ಹೊಸದಾಗಿ ಬೆಳೆ ರಕ್ಷಣೆಯ ಲೈಸೆನ್ಸ್‌ಗೆ ಅರ್ಜಿ ಹಾಕಿದ್ದೆ. ಆಗುವುದಿಲ್ಲ ಅಂತ ಬಾಯಲ್ಲಿ ಹೇಳಿ ಕಳಿಸಿದರು.

ಬಾಯಲ್ಲಿ ಹೇಳಿದ್ದನ್ನು ಒಪ್ಪಿಕೊಂಡು ಬರಬೇಡಿ. ಬೆಳೆ ರಕ್ಷಣೆಗೆ ಅಂತ ನಿಜವಾಗಿ ಬೇಕಿದ್ದರೆ ಮಸಿ ತುಂಬುವ ಕೋವಿಗೆ ಲೈಸೆನ್ಸ್ ಕೊಡಬೇಕು ಅಂತ ಆಯುಧ ಕಾಯ್ದೆಯ 13ನೇ ಕಲಮಿನಲ್ಲೇ ಇದೆ. ಅದು ಸಾಲದು ಅನ್ನಿಸಿದರೆ ಬೇರೆ ಕೋವಿಗೂ ಕೊಡಬಹುದು. ನಿರಾಕರಿಸಲು ಕಾರಣಗಳಿವೆ, ಆದರೆ ಆ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ಲಿಖಿತ ಉತ್ತರ ಕೊಡಿ ಅಂತ ಇನ್ನೊಂದು ಅರ್ಜಿ ಕೊಡಿ. ಉತ್ತರ ಕೈಗೆ ಬಂದ ಮೇಲೆ 30 ದಿನದೊಳಗೆ ಬೆಳಗಾವಿಯ ಪ್ರಾದೇಶಿಕ ಆಯುಕ್ತರಿಗೆ ಮೇಲ್ಮನವಿ ಹಾಕಬಹುದು.

*

ನಾನು ಬೆಂಗಳೂರಿನಲ್ಲಿದ್ದೇನೆ. ಅಪ್ಪನಿಗೆ 74. ಊರಿನಲ್ಲಿ ಅಪ್ಪ, ಅಮ್ಮ ಇಬ್ಬರೇ. ಅಪ್ಪನ ಕೈ ನಡುಗುತ್ತದೆ. ಕೋವಿ ಸರೆಂಡರ್ ಮಾಡೋಣ ಅಂದರೆ ಸಿಟ್ಟಾಗುತ್ತಾರೆ. ಇಂಥ ನಿಯಮ ತಂದು ತಂದು ನಮ್ಮನ್ನು ಓಡಿಸುತ್ತಾರೆ ಅನ್ನುತ್ತಾರೆ. ಏನು ಮಾಡಲಿ? — ಶಿರಸಿ ಮೂಲದ ಓದುಗ

ಅಪ್ಪ ಸಿಟ್ಟಾಗುವುದು ಕೋವಿಗೆ ಮಾತ್ರ ಅಲ್ಲ ಮಗಾ. ಕೋವಿ ಕೊಟ್ಟ ದಿನ ತೋಟ ಕಾಯುವ ಕೆಲಸ ತನ್ನಿಂದ ಆಗುವುದಿಲ್ಲ ಅಂತ ಒಪ್ಪಿಕೊಂಡ ಹಾಗೆ ಆಗುತ್ತದೆ. ನಮ್ಮ ಯಜಮಾನರೂ ಕೊನೆಯ ವರ್ಷ ಹಾಗೇ ಇದ್ದರು. ತೋಟಾ ಹಾಕಲು ಆಗುತ್ತಿರಲಿಲ್ಲ, ಆದರೂ ಕಪಾಟಿನ ಮುಂದೆ ಕುರ್ಚಿ ಹಾಕಿ ಕೂತು ಕೋವಿಯನ್ನು ಒರೆಸುತ್ತಿದ್ದರು. ಆದರೂ ಕೈ ನಡುಗುವವರ ಹತ್ತಿರ ಕೋವಿ ಇರಬಾರದು. ಇದರಲ್ಲಿ ಎರಡು ಮಾತಿಲ್ಲ.

ಸರೆಂಡರ್ ಒಂದೇ ದಾರಿ ಅಲ್ಲ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ತಮ್ಮ ವಾರಸುದಾರರಲ್ಲಿ ಒಬ್ಬರ ಹೆಸರು ಹೇಳಬಹುದು. 2016ರ ನಿಯಮದಲ್ಲಿ ಇದೆ. ಹೆಂಡತಿ, ಮಗ, ಮಗಳು, ಸೊಸೆ, ಅಳಿಯ, ಅಣ್ಣತಮ್ಮ, ಅಕ್ಕತಂಗಿ, ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಹೆಸರು ಹೇಳಿದ ಮಾತ್ರಕ್ಕೆ ಆಗುವುದಿಲ್ಲ. ಅವರು ತಮ್ಮ ಹೆಸರಿನಲ್ಲಿ ಲೈಸೆನ್ಸ್ ಪಡೆಯಬೇಕು, ಪೊಲೀಸ್ ವರದಿ ಆಗಬೇಕು. ಬೆಂಗಳೂರಿನಲ್ಲಿ ಕೂತ ನೀವು ಬೆಳೆ ರಕ್ಷಣೆಗೆ ಕೋವಿ ಬೇಕು ಅಂದರೆ ನನಗೇ ಸರಿ ಕಾಣುವುದಿಲ್ಲ. ಊರಿನಲ್ಲೇ ಇರುವ ಚಿಕ್ಕಪ್ಪ ಇದ್ದಾರಾ? ನಿಮ್ಮ ಅಮ್ಮ? ನಗಬೇಡಿ, ನಾನು ಕೋವಿ ಕೈಗೆತ್ತಿಕೊಂಡದ್ದು 54ನೇ ವಯಸ್ಸಿನಲ್ಲಿ. ನನಗಾಗಿದ್ದು ಯಜಮಾನರು ಹೋದ ಮೇಲೆ. ಆಗ ಲೈಸೆನ್ಸ್ ಬರುವವರೆಗೆ ಕೋವಿಯನ್ನು ಜಮಾ ಇಡಬೇಕಾಯಿತು. ಸಾವಿನ ಮನೆಯಲ್ಲಿ ಆ ಓಡಾಟ ಬಹಳ ಕಷ್ಟ. ಅಪ್ಪ ಇರುವಾಗಲೇ ಮಾಡಿದರೆ ಅವರ ಕೈಯಿಂದಲೇ ಇನ್ನೊಬ್ಬರ ಕೈಗೆ ಹೋಗುತ್ತದೆ. ಹಾಗೆ ಹೇಳಿ ನೋಡಿ, ಒಪ್ಪಬಹುದು.

ಅರ್ಜಿ ಹಾಕುವ ದಿನ ಅಪ್ಪನನ್ನೂ ಕಾರವಾರಕ್ಕೆ ಕರೆದುಕೊಂಡು ಹೋಗಿ. ಬಸ್ಸು ಬೇಡ. ದೇವಿಮನೆ ಘಟ್ಟದ ತಿರುವು 74ರ ಹೊಟ್ಟೆಗೆ ಆಗುವುದಿಲ್ಲ. ಬೆಳಿಗ್ಗೆ ಐದಕ್ಕೆ ಕಾರಿನಲ್ಲಿ ಹೊರಟರೆ ಕಚೇರಿ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಬಹುದು. ಲೈಸೆನ್ಸ್ ಪುಸ್ತಕದ ಎಲ್ಲ ಪುಟದ ಜೆರಾಕ್ಸ್ ಎರಡೆರಡು ಪ್ರತಿ ಇರಲಿ. ಕೋವಿ ಒಯ್ಯುವುದು ಬೇಡ, ಮನೆಯಲ್ಲೇ ಬೀಗ ಹಾಕಿ ಇಡಿ. ಹಾಕುವ ಮೊದಲು ಅಪ್ಪನ ಎದುರಿಗೇ ನಳಿಗೆ ಬಿಚ್ಚಿ, ಒಳಗೆ ತೋಟಾ ಇಲ್ಲ ಅಂತ ಇಬ್ಬರೂ ನೋಡಿ.